ಎಡಗಡೆ ಸೀಟಿನ ನಂದಿ

ಸೇಡಂ
೧೮ ನವೆಂಬರ್ ೨೦೨೫, ಮಂಗಳವಾರ

ಎದುರಿಗಿದ್ದರೆ ಬಂಗಾರದಂಥವಳು, ಫೋನಿನಲ್ಲಿ ಮಾತ್ರ ಫೌಜದಾರನಂಥವಳಾದ ನನ್ನ ಮಗಳು ರಾಧಿಕಾಳಿಗೆ ಅವ್ವನ ತುಂಬು ಮನಸ್ಸಿನ ಆಶೀರ್ವಾದ.

ಸೇಡಂನಿಂದ ಶಹಾಬಾದ ಎಷ್ಟು ದೂರ? ಕೈಯಲ್ಲಿ ಫೋನೂ ಇದೆ. ಹೀಗಿದ್ದೂ ಅವ್ವ ಪತ್ರ ಬರೆಯಲು ಕುಳಿತಿದ್ದಾಳೆಂದರೆ ಏನೋ ಎಡವಟ್ಟಾಗಿದೆ ಎಂದು ನೀನು ಈಗಾಗಲೇ ಊಹಿಸಿರುತ್ತೀ. ಆದರೆ ಫೋನಿನಲ್ಲಿ ನೀನು ಉದ್ದಕ್ಕೆ "ಅವ್ವಾ…" ಎಂದು ಶುರು ಮಾಡಿದರೆ ಐವತ್ತೆಂಟು ವರ್ಷದ ನಾನು ಮೂರನೇ ಇಯತ್ತೆಯ ಹುಡುಗಿಯಾಗಿಬಿಡುತ್ತೇನೆ. ಅರ್ಧ ಮಾತಿಗೇ ಬೈಸಿಕೊಂಡು ಫೋನಿಡುತ್ತೇನೆ. ಪತ್ರದಲ್ಲಿ ಆ ತೊಂದರೆ ಇಲ್ಲ. ಬೈಯಬೇಕೆಂದರೂ ಪೂರ್ತಿ ಓದಿಯೇ ಬೈಯಬೇಕು.

ಮೊದಲು ಮನೆಯ ಸುದ್ದಿ. ನಿನ್ನ ಬಾಣಂತನದ ಕೋಣೆಗೆ ಸುಣ್ಣ ಹೊಡೆಸಿದ್ದಾಯಿತು. ಸಡಿಲವಾಗಿದ್ದ ಹೊರಸನ್ನು ಬಿಗಿಸಿದ್ದಾಯಿತು. ಅಂಟಿನುಂಡೆಗೆ ಕೊಬ್ಬರಿ ತುರಿದಿಟ್ಟಿದ್ದೆ. ಅದರಲ್ಲಿ ಕಾಲು ಭಾಗ ನಿನ್ನ ಅಪ್ಪನ ಬಾಯಿಗೆ ಹೋಗಿದೆ, ಇಲಿ ತಿಂದಿತು ಎನ್ನುತ್ತಾರೆ. ತೊಗರಿ ಈ ಸಲ ಎದೆಯುದ್ದ ಬೆಳೆದು ಕಾಯಿ ಕಚ್ಚಿದೆ, ಕುರಕುಂಟಾ ದಾರಿಯಲ್ಲಿ ಎರಡೂ ಬದಿ ಬರೀ ಹಸಿರು.

ಆ ದಾರಿಯ ಹೆಸರು ಬಂತಲ್ಲ, ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕೂತುಕೊಂಡು ಓದು. ನಾನೂ ನಿನ್ನ ಅಪ್ಪನೂ ಇಬ್ಬರೂ ಚೆನ್ನಾಗಿದ್ದೇವೆ. ಈ ಸಾಲನ್ನು ಎರಡು ಸಲ ಓದಿಕೋ. ಕಳೆದ ಶುಕ್ರವಾರ ಬೆಳಿಗ್ಗೆ ನಮ್ಮ ಕಾರು ಕುರಕುಂಟಾ ದಾರಿಯ ಒಂದು ಮೋರಿಯ ಕಟ್ಟೆಗೆ ಹೋಗಿ ಬಡಿಯಿತು. ಕಾರೊಳಗಿನ ಗಾಳಿಚೀಲಗಳು, ಏರ್‌ಬ್ಯಾಗು ಎನ್ನುತ್ತೀರಲ್ಲ ಅವು, ಉಬ್ಬಿದವು. ನಾವು ಬದುಕಿದೆವು. ಕಾರು ಈಗ ಚಿತ್ತಾಪುರದಲ್ಲಿ ಮಶಾಕನ ಗ್ಯಾರೇಜಿನಲ್ಲಿ ಮೂಗು ಜಜ್ಜಿಕೊಂಡು ನಿಂತಿದೆ. ಅಲ್ಲಿಗೆ ಯಾವುದೋ ಕೆಲಸಕ್ಕೆ ಬಂದಿದ್ದ ನಿಮ್ಮ ಶಹಾಬಾದದ ಕಲ್ಲುಕೆತ್ತನೆಯ ಬಂದೇಅಲಿ ಕಾಕಾ ಅದನ್ನು ನೋಡಿಬಿಟ್ಟಿದ್ದಾರೆ. ಅವರ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲವೆಂದು ನಿನಗೂ ಗೊತ್ತು. ಬರುವ ಶುಕ್ರವಾರದ ನಮಾಜಿನವರೆಗೆ ಬಾಯಿ ಬಿಡುವುದಿಲ್ಲ ಎಂದು ಆಣೆ ಹಾಕಿಸಿಕೊಂಡು ಬಂದಿದ್ದೇನೆ. ಅದರೊಳಗೆ ಈ ಪತ್ರ ನಿನ್ನ ಕೈ ಸೇರಬೇಕು.

ಈಗ ಮೊದಲಿನಿಂದ ಹೇಳುತ್ತೇನೆ. ಇದರಲ್ಲಿ ನಿನ್ನದೂ ಒಂದು ಪಾಲಿದೆ.

ದಸರೆಗೆ ನೀನೂ ಅಳಿಯಂದಿರೂ ಬಂದಾಗ ನಾನು ನಿಮ್ಮನ್ನು ಕಾರಿನಲ್ಲಿ ಚಿಂಚೋಳಿಗೆ ಕರೆದುಕೊಂಡು ಹೋದೆನಲ್ಲ, ಅವತ್ತು ನೀನು ಏನೂ ಅನ್ನಲಿಲ್ಲ. ಶಹಾಬಾದ ಮುಟ್ಟಿದ ಮೇಲೆ ಫೋನು ಮಾಡಿದೆ. "ಅವ್ವಾ, ನಿನ್ನ ಎದಿಗೂ ಸ್ಟೀರಿಂಗಿಗೂ ನಡುವ ಒಂದು ರೊಟ್ಟಿ ಸೈತ ಹಿಡಿಯಂಗಿಲ್ಲ. ಚೀಲ ಉಬ್ಬಿತಂದ್ರ ಮೊದಲು ನಿನಗೇ ಗುದ್ದತದ. ಕುಳ್ಳಗಿದ್ದವರಿಗಿ ಅದು ಭಾಳ ಧೋಕಾ" ಎಂದೆ. ಅಳಿಯ ಬಸವಲಿಂಗ ಅವರು ಹಿಂದಿನಿಂದ, ಆರು ಗಾಳಿಚೀಲ ಇರುವ ದೊಡ್ಡ ಕಾರು ಕೊಳ್ಳಿರಿ ಎಂದು ಸಲಹೆ ಕೊಟ್ಟರು. ನಮ್ಮಿಬ್ಬರ ಓಡಾಟಕ್ಕೆ ಆರು ಚೀಲದ ಕಾರೆಂದರೆ ಮೂಗಿಗಿಂತ ಮೂಗುತಿ ಭಾರ. ಕೊನೆಗೆ ನೀನು ತೀರ್ಪು ಕೊಟ್ಟೆ: "ಕಾರ್ ಮಾರು, ಇಲ್ಲಾಂದ್ರ ನೀ ಓಡಸೋದು ಬಿಡು. ಎರಡೂ ಆಗಲ್ಲಂದ್ರ ನಾ ಬಾಣಂತನಕ್ಕ ಬರಂಗಿಲ್ಲ, ಅತ್ತಿ ಮನ್ಯಾಗೇ ಇರ್ತೀನಿ."

ರಾಧಿಕಾ, ಮೊದಲ ಬಾಣಂತನಕ್ಕೆ ಮಗಳು ತವರಿಗೆ ಬರುವುದಿಲ್ಲ ಎಂದರೆ ಆ ಅವ್ವ ಓಣಿಯಲ್ಲಿ ಹೇಗೆ ತಲೆಯೆತ್ತಿ ನಡೆಯಬೇಕು? ಮೂವತ್ತು ವರ್ಷ ಊರವರ ಬಾಣಂತನ ನೋಡಿದ ನರ್ಸಮ್ಮ ನಾನು. ಅಂದು ರಾತ್ರಿ ಊಟ ಸೇರಲಿಲ್ಲ. ಹಾಗಂತ ಕಾರು ಬಿಡುವ ಮನಸ್ಸೂ ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ನಿನಗೆ ಯಾವತ್ತೂ ಹೇಳಿಲ್ಲ. ನಾನು ನಾಲ್ಕು ಅಡಿ ಎಂಟು ಇಂಚಿನವಳು. ಕುರಕುಂಟಾದ ಆರೋಗ್ಯ ಉಪಕೇಂದ್ರಕ್ಕೆ ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಓಡಾಡಿದೆ. ಮೇಲಿನ ಸರಳು ಒಂದು ದಿನವೂ ನನ್ನ ಕೈಗೆ ಎಟುಕಲಿಲ್ಲ. ಸೀಟಿನ ಮೂಲೆ, ಗುರುತಿಲ್ಲದವರ ಕೈಚೀಲ, ಒಮ್ಮೆ ಕಂಡಕ್ಟರನ ಬೆಲ್ಟು, ಸಿಕ್ಕಿದ್ದನ್ನು ಹಿಡಿದು ನಿಂತು ಬಂದವಳು ನಾನು. ಲಸಿಕೆಯ ಡಬ್ಬಿಯನ್ನು ಮಗುವಿನಂತೆ ಎದೆಗವಚಿಕೊಂಡಿರುತ್ತಿದ್ದೆ. ಐವತ್ತನಾಲ್ಕನೇ ವಯಸ್ಸಿಗೆ ಈ ಹಳೆಯ ಸಣ್ಣ ಕಾರು ತೆಗೆದುಕೊಂಡ ದಿನ, ಗಾಡಿಯಲ್ಲಿ ಮುಂದೆ ಕೂತು, ಯಾರ ಮೊಣಕೈಯೂ ತಾಗದೆ, ನನಗೆ ಬೇಕಾದಲ್ಲಿ ತಿರುಗಿಸಿದೆ. ಆ ಸುಖ ಎಂಥದೆಂದು ಐದಡಿ ಮೂರಿಂಚಿನ ನಿನಗೆ ತಿಳಿಯುವುದಿಲ್ಲ. ನಾಲ್ಕು ವರ್ಷದಲ್ಲಿ ಆ ಕಾರಿಗೆ ಒಂದು ಗೀರು ಬಿದ್ದಿರಲಿಲ್ಲ.

ಸಿಟ್ಟಿನಲ್ಲಿ ಸೀದಾ ಮಶಾಕನ ಗ್ಯಾರೇಜಿಗೆ ಹೋದೆ. ನಿನ್ನ ಅಪ್ಪನೂ ಎಂದಿನಂತೆ ಎಡಗಡೆ ಸೀಟಿನಲ್ಲಿ ಕೂತು ಬಂದರು. ಈ ಸ್ಟೀರಿಂಗಿನೊಳಗಿನ ಚೀಲದ ವೈರು ಕತ್ತರಿಸಿ ಹಾಕು, ಎದೆ ನನ್ನದು, ಬೇಕೋ ಬೇಡವೋ ಎಂಬ ಇಷ್ಟವೂ ನನ್ನದು ಎಂದೆ. ಮಶಾಕ ಕೈಯಲ್ಲಿದ್ದ ನಟ್ಟು ತಿರುಗಿಸುವ ಪಾನಾ ಕೆಳಗಿಟ್ಟ. ಅವನ ಹೆಂಡತಿಯ ತವರು ಕುರಕುಂಟಾ. ಅವನ ಕೂಸಿಗೆ ಲಸಿಕೆ ಹಾಕಿದವಳು ನಾನೇ.

"ಅಕ್ಕಾ, ಹೋದ ತಿಂಗಳ ನನ್ನ ಮಗಳಿಗಿ ಸೂಜಿ ಚುಚ್ಚಬೇಕಾರ ನನ್ನ ಮರ್ಜಿ ಕೇಳಿದ್ರೇನ್ರಿ? ಜ್ವರ ಬರ್ತದ, ಬ್ಯಾಡ ಅಂದೆ. ಜ್ವರ ಒಂದಿನ, ಜೀವ ನೂರು ವರ್ಷ ಅಂತ ನನಗೇ ಬೈದು ಕಳಸಿದ್ರಿ. ಈಗ ಅದೇ ಮಾತು ನಾ ನಿಮಗ ಹೇಳ್ಲಿಕತ್ತೀನಿ. ವೈರ್ ಕಟ್ ಮಾಡಂಗಿಲ್ಲ."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರಲ್ಲ, ಹಾಗಾಯಿತು ನನ್ನ ಪಾಡು. ಆದರೂ ಬಿಡಲಿಲ್ಲ. ಸೂಜಿ ಮಗುವಿನ ಎದೆಗೆ ಗುದ್ದುವುದಿಲ್ಲವಲ್ಲ ಎಂದು ವಾದಿಸಿದೆ. ಕುಳ್ಳಗಿದ್ದವರಿಗೆ ಧೋಕಾ ಎಂದು ನನ್ನ ಮಗಳೇ ಓದಿ ಹೇಳಿದ್ದಾಳೆ ಎಂದೆ. ಮಶಾಕ ಅದನ್ನು ಅಲ್ಲಗಳೆಯಲಿಲ್ಲ. ಸುಳ್ಳಲ್ಲ, ಆದರೆ ಅರ್ಧ ಮಾತು ಎಂದ. ಆಳು ಕುಳ್ಳಗಿದ್ದರೆ ಅಡ್ಡಿಯಿಲ್ಲ, ಹತ್ತಿರ ಕೂತರೆ ಅಡ್ಡಿ. ಚೀಲ ಉಬ್ಬುವುದಕ್ಕೆ ಜಾಗ ಬೇಕು, ಆ ಜಾಗದಲ್ಲಿ ನೀವೇ ಹೋಗಿ ಕೂತರೆ ಅದು ತಾನೇ ಏನು ಮಾಡೀತು ಎಂದು ಕೇಳಿದ.

ಅಷ್ಟು ಹೊತ್ತೂ ಬಾಗಿಲಲ್ಲಿ ಕೌದಿ ಹೊಲಿಯುತ್ತ ಕೂತಿದ್ದ ಅವನ ತಾಯಿ ಅಖ್ತರ ಬೇಗಂ ಎದ್ದು ಬಂದರು. ನನ್ನನ್ನು ಸೀಟಿನಲ್ಲಿ ಕೂಡಿಸಿ, ಸುತ್ತ ಒಂದು ಸಲ ನೋಡಿದರು. ಅವರಿಗೆ ಕಾರಿನ ಗಂಧಗಾಳಿ ಇಲ್ಲ, ಅಳತೆಯ ಕಣ್ಣು ಮಾತ್ರ ಇದೆ. "ಈಕಿ ಮುಂದ ಬಾಗೋದು ಕಾಲಿನ ಸಲುವಾಗಿ ಅಲ್ಲೋ, ಕಣ್ಣಿನ ಸಲುವಾಗಿ. ರಸ್ತಾ ಕಾಣವಲ್ದು ಪಾಪ" ಎಂದರು. ನಾಲ್ಕು ವರ್ಷ ಓಡಿಸಿದ ನನಗೇ ಹೊಳೆಯದ ಮಾತು ಅದು! ಕೂತರೆ ಬಾನೆಟ್ಟಿನಾಚೆ ಕಾಣುವುದಿಲ್ಲವೆಂದು ನಾನು ಕೊರಳು ಚಾಚಿ ಚಾಚಿ ಸ್ಟೀರಿಂಗಿಗೆ ಅಂಟಿಕೊಂಡಿದ್ದೆ.

ಮರುದಿನವೇ ಅವರು ಹಳೆಯ ಅರಳೆಯನ್ನು ಒತ್ತಿ ತುಂಬಿ, ಹಲಗೆಯಷ್ಟು ಗಟ್ಟಿಯಾದ ಒಂದು ದಿಂಬು ಹೊಲಿದುಕೊಟ್ಟರು. ಜಾರದಂತೆ ನಾಲ್ಕು ಕಡೆ ಕಸೆ ಇಟ್ಟು ಸೀಟಿಗೆ ಕಟ್ಟಿಸಿದರು. ಮಶಾಕ ಸೀಟನ್ನು ಎರಡು ಹಲ್ಲು ಹಿಂದೆ ಸರಿಸಿ, ಬೆನ್ನನ್ನು ತುಸು ವಾಲಿಸಿ, ಸ್ಟೀರಿಂಗನ್ನು ಕೆಳಕ್ಕೆ ಇಳಿಸಿದ. ಕಾಲು ಪೆಡಲಿಗೆ ಸರಿಯಾಗಿ ಎಟುಕುತ್ತಿತ್ತು. ಅಖ್ತರ ಬೇಗಂ ತಮ್ಮ ಕೈಯಿಂದಲೇ ಅಳೆದರು. ನನ್ನ ಎದೆಯ ಎಲುಬಿನಿಂದ ಸ್ಟೀರಿಂಗಿನ ನಡುವಿಗೆ ಒಂದು ಗೇಣು, ಮೇಲೆ ನಾಲ್ಕು ಬೆರಳು. ನೀನು ಓದಿ ಹೇಳಿದ ಹತ್ತು ಇಂಚಿನ ಅಳತೆಗಿಂತ ಒಂದು ಬೆರಳು ಜಾಸ್ತಿಯೇ ಇದೆ, ಬೇಕಾದರೆ ನೀನೇ ಬಂದು ಅಳೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಮಶಾಕನ ಕಣ್ಣು ಎಡಗಡೆಗೆ ಹೊರಳಿತು. ಅಲ್ಲಿ ನಂದಿ ಇದ್ದ.

ಆ ನಂದಿಯ ಕಥೆ ನಿನಗೆ ಅರ್ಧ ಗೊತ್ತು. ಕಾರು ತಂದ ವಾರದಲ್ಲೇ ನಿನ್ನ ಅಪ್ಪ ಬಂದೇಅಲಿ ಕಾಕಾರಿಂದ ಶಹಾಬಾದ ಕಲ್ಲಿನಲ್ಲಿ ಒಂದು ಗೇಣುದ್ದದ ನಂದಿ ಕೆತ್ತಿಸಿ ತಂದರು. ಚೆಂದದ ನಂದಿ, ಸುಳ್ಳು ಹೇಳಬಾರದು. ಕೊರಳ ಗೆಜ್ಜೆ ಸಮೇತ ಕಾಣುತ್ತದೆ. ತೂಕ ಒಂದೂವರೆ ಕಿಲೋ. ಎಡಗಡೆ ಡ್ಯಾಶ್‌ಬೋರ್ಡಿನ ಮೇಲೆ ಒಂದು ನುಣುಪಾದ ಚೌಕ ಜಾಗ ಇತ್ತು. ಅಷ್ಟು ಚೊಕ್ಕ ಜಾಗವನ್ನು ಕಂಪನಿಯವರು ದೇವರಿಗೆಂದೇ ಬಿಟ್ಟಿದ್ದಾರೆ ಎಂದು ಅವರು ತೀರ್ಮಾನಿಸಿದರು. ಕಲ್ಲು ಹಾಸುವವರ ಗೋಂದು ಹಚ್ಚಿ, ಅದರ ಮೇಲೆ ನಂದಿಯನ್ನು ಪ್ರತಿಷ್ಠಾಪಿಸಿ, ದಿನಾ ವಿಭೂತಿ ಹಚ್ಚಿ ಹೂ ಏರಿಸುತ್ತ ಬಂದರು.

"ಸ್ವಾಮ್ಯಾರ, ಆ ಜಾಗದ ಕೆಳಗೇ ನಿಮ್ಮ ಕಡಿ ಚೀಲ ಅದರಿ. ಅದು ಹಾರಿತಂದ್ರ ಮುಚ್ಚಳದ ಸಂಗಡ ಬಸವಣ್ಣನೂ ಹಾರಿ ನಿಮ್ಮ ಮಾರಿಗೇ ಬರ್ತಾನ" ಎಂದ ಮಶಾಕ.

ನಿನ್ನ ಅಪ್ಪನ ಮುಖ ನೋಡಬೇಕಿತ್ತು. "ಏನಂದಿ? ನಂದಿ ಎಂದಾದ್ರೂ ಭಕ್ತರಿಗಿ ಹಾಯ್ತಾನೇನೋ?"

ದೇವರು ಹಾಯುವುದಿಲ್ಲ, ಕಲ್ಲು ಹಾಯುತ್ತದೆ ಎಂದು ಮಶಾಕ ಮೆಲ್ಲಗೆ ಹೇಳಿದ. ಇವರು ಕೇಳಲಿಲ್ಲ. ಎಡಗಡೆಯ ಚೀಲವನ್ನು ಬಂದ್ ಮಾಡುವುದಕ್ಕೆ ನಮ್ಮ ಕಾರಿನಲ್ಲಿ ಒಂದು ಕೀಲಿಕಂಡಿ ಇದೆ. ಮುಂದೆ ಕೂಸಿನ ಸೀಟು ಕಟ್ಟುವವರಿಗಾಗಿ ಇಟ್ಟದ್ದಂತೆ ಅದು. ಮಶಾಕ ಬಾಯಿತಪ್ಪಿ ಅದನ್ನು ಹೇಳಿದ್ದೇ ತಪ್ಪಾಯಿತು. ಇವರು ತಕ್ಷಣ ಕೀಲಿ ಹಾಕಿ ತಿರುಗಿಸಿಯೇಬಿಟ್ಟರು. ಚೀಲ ಬಂದ್ ಆಗಿದೆ ಎನ್ನುವ ಹಳದಿ ದೀಪ ಹತ್ತಿಕೊಂಡಿತು. ನಾನು ಆ ದೀಪ ತೋರಿಸಿದರೆ, ವಾಡಿ ಜಂಕ್ಷನ್ನಿನಲ್ಲಿ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದ ಈ ಕ್ಯಾಬಿನ್‌ಮನ್ ಸಾಹೇಬರು, ರೈಲ್ವೆಯಲ್ಲಿ ಹಳದಿ ಎಂದರೆ ನಿಲ್ಲು ಎಂದಲ್ಲ, ನೋಡಿಕೊಂಡು ಹೋಗು ಎಂದು ನನಗೆ ಪಾಠ ಹೇಳಿದರು.

ಮನೆಗೆ ಬಂದ ಮೇಲೆ ಜಗಳವಾಯಿತು. ಗಾಡಿ ಓಡಿಸುವವಳು ನಾನು, ಒಳಗೆ ಕೂತವರ ಜೀವ ನನ್ನ ಜವಾಬ್ದಾರಿ, ಚೀಲ ಬೇಕೋ ಬೇಡವೋ ಎಂದು ಹೇಳಬೇಕಾದವಳೂ ನಾನೇ ಎಂದೆ. "ಸೀಟು ನಂದು, ಮಾರಿ ನಂದು, ದೇವರು ನಂದು. ನಿಂದೇನದ ಇದರಾಗ?" ಎಂದರು. ನನ್ನ ಚೀಲದ ವೈರು ಕತ್ತರಿಸೆಂದು ಹಿಂದಿನ ದಿನವಷ್ಟೇ ಹಟ ಹಿಡಿದವಳು ನಾನೇ ಅಲ್ಲವೇ, ಹಾಗಾಗಿ ಜೋರಾಗಿ ಮಾತಾಡಲೂ ಬಾಯಿಲ್ಲ. ಎರಡು ದಿನ ನಾವು ಬೆಕ್ಕಿನ ಮೂಲಕ ಮಾತಾಡಿದೆವು. ಊಟಕ್ಕೆ ಬರಲು ಹೇಳು ಎಂದು ನಾನು ಬೆಕ್ಕಿಗೆ, ಹಸಿವಿಲ್ಲವೆಂದು ಹೇಳು ಎಂದು ಅವರು ಬೆಕ್ಕಿಗೆ. ಬೆಕ್ಕು ಇಬ್ಬರ ಊಟದಲ್ಲೂ ಪಾಲು ತಿಂದು ದಪ್ಪಗಾಯಿತು.

ಇನ್ನು ಶುಕ್ರವಾರದ ಮಾತು. ಎಂದಿನಂತೆ ನಾನೇ ಓಡಿಸುತ್ತಿದ್ದೆ. ಎಂದಿನಂತೆ ನಿನ್ನ ಅಪ್ಪ ಎಡಗಡೆ ಕೂತಿದ್ದರು. ಒಂದು ವಿಚಿತ್ರವೆಂದರೆ ಅಂದು ಡ್ಯಾಶ್‌ಬೋರ್ಡಿನ ಮೇಲೆ ನಂದಿ ಇರಲಿಲ್ಲ. ಮನೆಯ ದೇವರ ಜಗುಲಿಯ ಮೇಲೆ ಕೂತಿದ್ದ. ಹಳದಿ ದೀಪವೂ ಇರಲಿಲ್ಲ. ಕೀಲಿ ಮತ್ತೆ ತಿರುಗಿತ್ತು. ಯಾಕೆ ಎಂದು ಕೇಳಿದರೆ "ಅವನಿಗೂ ಒಂದಿನ ರಜಾ ಇರಲಿ" ಎಂದರು. ನಿಜವಾದ ಕಾರಣ ಇವತ್ತಿಗೂ ಹೇಳಿಲ್ಲ.

ಊರು ದಾಟಿ ನಾಲ್ಕೈದು ಕಿಲೋಮೀಟರ್ ಹೋಗಿರಬೇಕು. ತೊಗರಿ ಹೊಲದೊಳಗಿಂದ ಒಂದು ಎಮ್ಮೆ ರಸ್ತೆಗೆ ಬಂತು. ಬಂದದ್ದು ಬಂತು, ದಾಟಿ ಹೋಗಬಾರದೇ? ನಡುವೆ ನಿಂತು ನಮ್ಮನ್ನೇ ನೋಡತೊಡಗಿತು. ಬ್ರೇಕು ಒತ್ತುವುದು ಬಿಟ್ಟು ನಾನು ಸ್ಟೀರಿಂಗಿನಿಂದ ಎರಡೂ ಕೈ ತೆಗೆದು ಹ್ಯಾಂಡ್‌ಬ್ರೇಕ್ ಹಿಡಿದು ಎಳೆದೆ. ಯಾಕೆ ಹಾಗೆ ಮಾಡಿದೆನೋ ನನಗೇ ತಿಳಿಯದು, ಕೇಳಬೇಡ. ಕಾರು ಓರೆಯಾಗಿ ಸರಿದು ಹೋಗಿ ಮೋರಿಯ ಕಟ್ಟೆಗೆ ಬಡಿಯಿತು. ಪಟಾಕಿಯ ಸರವನ್ನು ಒಂದೇ ಸಲ ಹೊಡೆದಂತೆ ಸದ್ದಾಯಿತು. ಕಣ್ಣು ಬಿಟ್ಟರೆ ಎಲ್ಲ ಬೆಳ್ಳಗೆ. ಸತ್ತಿದ್ದೇನೆ ಎಂದುಕೊಂಡೆ. ಅಷ್ಟರಲ್ಲಿ ಪಕ್ಕದಿಂದ "ದಾನೇಶ್ವರೀ" ಎಂದು ಕೂಗು ಬಂತು. ಮೂವತ್ತೆರಡು ವರ್ಷದ ಸಂಸಾರದಲ್ಲಿ ನಿನ್ನ ಅಪ್ಪ ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಸತ್ತಿಲ್ಲ ಎಂದು ಆಗ ಖಾತ್ರಿಯಾಯಿತು.

ಎಮ್ಮೆಯ ಯಜಮಾನ ಚಂದ್ರಾಮ ಹೊಲದಿಂದ ಓಡಿ ಬಂದ. "ಗಾಡಿಗಿ ಬೆಂಕಿ ಹತ್ಯಾದ, ಹೊಗಿ ಬರ್ಲಿಕತ್ತದ, ಲಗೂನ ಇಳೀರಿ" ಎಂದು ಬೊಬ್ಬೆ ಹಾಕಿದ. ಅದು ಹೊಗೆಯಲ್ಲ, ಚೀಲದೊಳಗಿನ ಪುಡಿ. ನಾವಿಬ್ಬರೂ ಕೆಳಗಿಳಿದು ನಿಂತೆವು. ನಿನ್ನ ಅಪ್ಪನ ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿ, ಕೈಯಲ್ಲಿ ಒಡೆದ ಕನ್ನಡಕ ಹಿಡಿದು ನಿಂತಿದ್ದರು. ಚಂದ್ರಾಮ ಅವರನ್ನು ನೋಡಿ, ನನ್ನನ್ನು ನೋಡಿ, "ಜ್ವಾಳದ ಹಿಟ್ಟಿನ ಗಿರಣಿ ಏನ್ರಿ ಇದು?" ಎಂದ. ಮೂವರೂ ನಕ್ಕುಬಿಟ್ಟೆವು. ನಗುತ್ತ ನಗುತ್ತ ನನಗೆ ಅಳು ಬಂತು. ನಿನ್ನ ಅಪ್ಪ ಎಲ್ಲರೆದುರೇ ನನ್ನ ಕೈ ಹಿಡಿದುಕೊಂಡರು. ಎಮ್ಮೆ ಮಾತ್ರ ಆರಾಮಾಗಿ ರಸ್ತೆ ದಾಟಿ ಹೋಯಿತು.

ಉಪಕೇಂದ್ರದಿಂದ ಡಾಕ್ಟರರ ಹತ್ತಿರ ಹೋಗಿ ಇಬ್ಬರೂ ತೋರಿಸಿಕೊಂಡೆವು. ನನಗೆ ಎಡ ಭುಜದ ಮೇಲೆ ಬೆಲ್ಟಿನ ಒಂದು ನೀಲಿ ಗೀರು, ಅಷ್ಟೇ. ಅವರಿಗೆ ಎರಡೂ ಮುಂಗೈ ಮೇಲೆ ಸಣ್ಣ ಉರಿಗಾಯ, ಮೂಗಿನ ಮೇಲೆ ಒಂದು ತರಚು. ಬೆಲ್ಟೂ ಇತ್ತು, ಚೀಲವೂ ಇತ್ತು, ಅದಕ್ಕೇ ನೀವು ನಡೆದುಕೊಂಡು ಬಂದಿದ್ದೀರಿ ಎಂದರು ಡಾಕ್ಟರು. ನಾನು ಒಪ್ಪಿಕೊಂಡೆ. ಈ ವಿಷಯದಲ್ಲಿ ಇಷ್ಟ ಗಿಷ್ಟ ಎಂದು ವಾದ ಮಾಡಿದ್ದಕ್ಕೆ ನಾಚಿಕೆಯಾಯಿತು. ಇನ್ನು ಮುಂದೆ ಲಸಿಕೆ ಬೇಡವೆನ್ನುವ ತಾಯಂದಿರ ಮೇಲೆ ಸ್ವಲ್ಪ ಕಡಿಮೆ ಸಿಟ್ಟು ಮಾಡುತ್ತೇನೆ. ಹೆದರಿದವರು ಹಾಗೆಯೇ ಮಾತಾಡುತ್ತಾರೆಂದು ಈಗ ತಿಳಿಯಿತು.

ಮಶಾಕ ಹೊಸ ಚೀಲಗಳನ್ನು ತರಿಸುತ್ತಿದ್ದಾನೆ. ಕೆಲವರು ಹಳೆಯದನ್ನೇ ಮಡಚಿ ಒಳಗೆ ತುರುಕಿ ಕೊಡುತ್ತಾರಂತೆ. ಅವನು ಹಾಗೆ ಮಾಡುವವನಲ್ಲ. ಇಪ್ಪತ್ತೊಂಬತ್ತಕ್ಕೆ ಗಾಡಿ ತಯಾರು ಎಂದಿದ್ದಾನೆ.

ತಯಾರಾಗಲಿ. ಆದರೆ ಅದರಲ್ಲಿ ನಾನು ಕೂಡುವುದಿಲ್ಲ. ರಾಧಿಕಾ, ನೀನು ಗೆದ್ದೆ. ಹ್ಯಾಂಡ್‌ಬ್ರೇಕ್ ಎಳೆದು ಗಂಡನನ್ನು ಮೋರಿಗೆ ಹಾಕುವ ಹೆಂಗಸು ಬಸುರಿ ಮಗಳನ್ನು ಕೂರಿಸಿಕೊಂಡು ಬರುತ್ತೇನೆಂದರೆ ಯಾರು ಕಳಿಸುತ್ತಾರೆ? ನಾನೇ ನಿನ್ನ ಅತ್ತೆಯಾಗಿದ್ದರೂ ಕಳಿಸುತ್ತಿರಲಿಲ್ಲ. ಡಿಸೆಂಬರ್ ಒಂದು, ಸೋಮವಾರ ದಿನ ಚೆನ್ನಾಗಿದೆ. ಬಾಡಿಗೆ ಗಾಡಿ ಮಾಡಿಕೊಂಡು ನಾವಿಬ್ಬರೂ ಬರುತ್ತೇವೆ. ಅದರಲ್ಲಿಯೂ ಹಿಂದಿನ ಸೀಟಿನ ಬೆಲ್ಟು ಹಾಕಿಕೊಳ್ಳಬೇಕು. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ ಬರಬೇಕು, ಹೊಟ್ಟೆಯ ಮೇಲಲ್ಲ. ಇದು ಅವ್ವ ಹೇಳುವ ಮಾತಲ್ಲ, ನರ್ಸಮ್ಮ ಹೇಳುವ ಮಾತು.

ಕಾರಿನ ಕೀಲಿಯನ್ನು ದೇವರ ಜಗುಲಿಯ ಮೇಲೆ ಇಟ್ಟಿದ್ದೇನೆ. ಕೊಳ್ಳುವವರು ಬಂದರೆ ಕೊಟ್ಟುಬಿಡುವುದು. ನಿನ್ನೆ ಬಸ್ಸಿನಲ್ಲಿ ಕುರಕುಂಟಾಕ್ಕೆ ಹೋದೆ. ಸರಳು ಇನ್ನೂ ಅಷ್ಟೇ ಎತ್ತರದಲ್ಲಿದೆ. ಬೇಜಾರಾಯಿತೇ ಎಂದು ಕೇಳಿದರೆ ಹೌದು, ಆಯಿತು. ಇಲ್ಲ ಎಂದು ಬರೆಯಬೇಕೆಂದುಕೊಂಡೇ ಕೂತಿದ್ದೆ, ಬರೆಯಲಾಗಲಿಲ್ಲ. ಆದರೆ ನೀನು ಬರುವುದರ ಮುಂದೆ ಅದೇನೂ ದೊಡ್ಡದಲ್ಲ. ನೀನು ಬಂದುಬಿಡು. ಈ ವಿಷಯ ತೆಗೆದು ನಿನ್ನ ಅಪ್ಪನ ಹತ್ತಿರ ಮಾತ್ರ ಏನೂ ಕೇಳಬೇಡ. ಪಾಪ, ನಾಲ್ಕು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಕೊಬ್ಬರಿಯ ಡಬ್ಬಿಗೂ ಕೈ ಹಾಕಿಲ್ಲ.

ಅಳಿಯಂದಿರಿಗೆ ಆಶೀರ್ವಾದ ತಿಳಿಸು. ನಿನ್ನ ಅತ್ತೆಯವರಿಗೆ ನಮ್ಮ ಶರಣು.

ಎಷ್ಟು ಬೈದರೂ ನಿನ್ನವಳೇ ಆದ,
ಅವ್ವ
ದಾನೇಶ್ವರಿ

ತಾ. ಕ.: ಮಗಳೇ, ಈ ಅಕ್ಷರ ನಿನ್ನ ಅಪ್ಪನದು. ಪಾಕೀಟಿನ ಮೇಲೆ ವಿಳಾಸ ಬರೆದು ಅಂಚೆಗೆ ಹಾಕಿ ಬರಲು ನಿನ್ನ ಅವ್ವ ನನಗೆ ಕೊಟ್ಟಳು. ಇನ್ನೊಬ್ಬರ ಪತ್ರ ಓದುವುದು ತಪ್ಪು. ಓದಿದೆ. ಸೇಡಂ ಅಂಚೆ ಕಚೇರಿಯಲ್ಲಿ ದಾರ ಕಟ್ಟಿದ ಪೆನ್ನಿನಿಂದ, ನಿಂತುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಶುಕ್ರವಾರ ಕಾರು ಓಡಿಸುತ್ತಿದ್ದವನು ನಾನು. ಅವಳು ಎಡಗಡೆ ಕೂತಿದ್ದಳು. ನೀನು ಬರುವುದಿಲ್ಲ ಎಂದ ಮೇಲೆ, ನಾನಾದರೂ ಓಡಿಸಿಕೊಂಡು ಬಂದು ನಿನ್ನನ್ನು ಕರೆದುಕೊಂಡು ಹೋಗೋಣವೆಂದು ದೀಪಾವಳಿಯ ಮರುದಿನದಿಂದ ಅವಳ ಹತ್ತಿರವೇ ಕಲಿಯುತ್ತಿದ್ದೆ. ಕಲಿಯುವವರ ಲೈಸೆನ್ಸು ಮಾಡಿಸಿದ್ದೆ, ಗಾಜಿಗೆ ಕೆಂಪು ಎಲ್ ಅಕ್ಷರವನ್ನೂ ಅಂಟಿಸಿದ್ದೆ. ಅಲ್ಲಿಯವರೆಗೆ ಖಾಲಿ ಬಯಲಿನಲ್ಲಿ ಸುತ್ತುತ್ತಿದ್ದವನು ಅಂದು ಮೊದಲ ಸಲ ರಸ್ತೆಗೆ ಇಳಿದೆ. ವಾಡಿಯ ಕ್ಯಾಬಿನ್ನಿನಲ್ಲಿ ಮೂವತ್ತನಾಲ್ಕು ವರ್ಷ ಲಿವರ್ ಎಳೆದ ಕೈ ಇದು. ಹಳಿಗೆ ಏನಾದರೂ ಅಡ್ಡ ಬಂದರೆ ಎರಡೂ ಕೈಯಿಂದ ಲಿವರ್ ಹಿಡಿದು ಸಿಗ್ನಲ್ ಕೆಂಪು ಮಾಡುವುದೇ ರೂಢಿ. ಎಮ್ಮೆ ಕಂಡಿತು, ಕೈಗಳು ತಾವಾಗಿಯೇ ಹೋಗಿ ಹ್ಯಾಂಡ್‌ಬ್ರೇಕ್ ಹಿಡಿದವು. ಮಗಳೆದುರು ನನ್ನ ಮಾನ ಉಳಿಸಲು ಅವಳು ಎಲ್ಲವನ್ನೂ ತನ್ನ ಮೇಲೆ ಹಾಕಿಕೊಂಡಿದ್ದಾಳೆ. ನಾನು ಹಾಗೆ ಮಾಡೆಂದು ಹೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ, ಅದೇ ನನ್ನ ತಪ್ಪು.

ನಂದಿಯನ್ನು ಯಾಕೆ ತೆಗೆದೆ ಎಂದು ಅವಳಿಗೆ ಹೇಳಿಲ್ಲ, ನಿನಗೆ ಹೇಳುತ್ತೇನೆ. ಅಂದು ಬೆಳಿಗ್ಗೆ ಕಾರು ಒರೆಸುವಾಗ ಎಡಗಡೆ ಸೀಟಿನಲ್ಲಿ ಅವಳಷ್ಟು ಎತ್ತರಕ್ಕೆ ಬಗ್ಗಿ ಕೂತು ನೋಡಿದೆ. ನನಗೆ ಎದೆಮಟ್ಟಕ್ಕೆ ಬರುತ್ತಿದ್ದ ಕೋಡು ಅವಳ ಮುಖದ ಮಟ್ಟಕ್ಕೆ ಬರುತ್ತಿತ್ತು. ನಾನು ಕೂಡುವಾಗ ದೇವರೊಬ್ಬ ಸಾಕು ಎನಿಸಿತ್ತು. ಅವಳು ಕೂಡುವಾಗ ಚೀಲವೂ ಇರಲಿ ಎನಿಸಿತು. ನನ್ನ ಭಕ್ತಿ ಇಷ್ಟೇ ಎಂದು ತಿಳಿದು ನಾಚಿಕೆಯಾಯಿತು. ಆದರೂ ಚಾಕು ತಂದು ಗೋಂದು ಕೆರೆದೆ.

ನಾಲ್ಕು ವರ್ಷದಲ್ಲಿ ಅವಳು ಒಂದು ಗೀರೂ ಮಾಡಿದವಳಲ್ಲ. ಅವಳ ಪಕ್ಕದಲ್ಲಿ ನಾನು ನಿದ್ದೆ ಹೊಡೆಯುತ್ತ ಕೂತು ಬಂದಿದ್ದೇನೆ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ನನ್ನ ಹತ್ತಿರ ಇಲ್ಲ. ಡಿಸೆಂಬರ್ ಒಂದಕ್ಕೆ ಬಾಡಿಗೆ ಗಾಡಿ ಬೇಡ. ಅವಳೇ ಓಡಿಸಿಕೊಂಡು ಬರುತ್ತಾಳೆ. ನೀನು ಇವತ್ತೇ ಫೋನು ಮಾಡಿ "ಅವ್ವಾ, ನಿನ್ನ ಗಾಡ್ಯಾಗೇ ಬರ್ತೀನಿ" ಎಂದುಬಿಡು. ಬೈಯುವುದಿದ್ದರೆ ಆಮೇಲೆ ಫೋನು ನನ್ನ ಕೈಗೆ ಕೊಡಿಸು.

ಗೋಂದು ಹಚ್ಚಿ ಪಾಕೀಟು ಮುಚ್ಚುತ್ತಿದ್ದೇನೆ. ನಾನು ಏನೋ ಸೇರಿಸಿದ್ದೇನೆಂದು ಅವಳು ಮುಖ ನೋಡಿಯೇ ಹಿಡಿಯುತ್ತಾಳೆ. ಹಿಡಿಯಲಿ. ಅಷ್ಟರಲ್ಲಿ ಇದು ವಾಡಿ ದಾಟಿರುತ್ತದೆ.

ಅಪ್ಪ, ಮಡಿವಾಳಯ್ಯ